ಹೊಟ್ಟೆ ಕೊಯ್ಯದೆ ಅಯೋರ್ಟಾ ರಿಪೇರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಟ್ಟೆಯೊಳಗಿನ ದೊಡ್ಡ ರಕ್ತನಾಳ ಉಬ್ಬಿಕೊಂಡಾಗ ಅದನ್ನು ತೊಡೆಸಂದಿನ ಮೂಲಕವೇ ಸರಿಮಾಡುವ ಚಿಕಿತ್ಸೆ ಇದೆ. ಆಸ್ಪತ್ರೆಗಳಲ್ಲಿ ಅದಕ್ಕೆ 'ಈವಾರ್' ಅನ್ನುತ್ತಾರೆ. ನಾನು ಕ್ಯಾತ್ ಲ್ಯಾಬಿನಲ್ಲಿ, ಅಂದರೆ ರಕ್ತನಾಳದೊಳಗೆ ತಂತಿ, ಕೊಳವೆ ಹಾಕಿ ಚಿಕಿತ್ಸೆ ಮಾಡುವ ರೂಮಿನಲ್ಲಿ, ಕೆಲಸ ಮಾಡುವವನು, ಡಾಕ್ಟರಲ್ಲ. ಲ್ಯಾಬಿನ ಬಾಗಿಲ ಹೊರಗೆ ಕಾಯುವ ಮನೆಯವರು ಕೇಳಿದ್ದು, ಆಮೇಲೆ ಫೋನ್ ಮಾಡಿ ಕೇಳಿದ್ದು, ಬರೆದು ಕೇಳಿದ್ದು ಎಲ್ಲ ಇಲ್ಲಿದೆ. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಬಿಟ್ಟಿದ್ದೇನೆ. ನಿಮ್ಮ ಮನೆಯವರ ವಿಷಯದಲ್ಲಿ ಕೊನೆಯ ಮಾತು ಅವರ ಸ್ಕ್ಯಾನ್ ನೋಡಿದ ಡಾಕ್ಟರದ್ದೇ.

## ಮೊದಲ ಸಲ ಕೇಳುತ್ತಿರುವವರಿಗೆ

ಅಪ್ಪನಿಗೆ ಕಿಡ್ನಿ ಸ್ಟೋನ್ ಇದೆಯಾ ಅಂತ ಸ್ಕ್ಯಾನ್ ಮಾಡಿಸಿದ್ವಿ. ರಿಪೋರ್ಟಲ್ಲಿ 'ಅಬ್ಡಾಮಿನಲ್ ಅಯೋರ್ಟಿಕ್ ಅನ್ಯೂರಿಸಮ್ 4.2 ಸೆಂ.ಮೀ.' ಅಂತ ಬಂದಿದೆ. ಏನಿದು?

ಹೃದಯದಿಂದ ಹೊರಟು, ಬೆನ್ನುಮೂಳೆಯ ಮುಂದೆ ಹಾದು ಹೊಟ್ಟೆಗೆ ಇಳಿಯುವ ಮುಖ್ಯ ರಕ್ತನಾಳವೇ ಅಯೋರ್ಟಾ. ಕನ್ನಡ ಪುಸ್ತಕಗಳಲ್ಲಿ ಮಹಾಪಧಮನಿ ಅಂತ ಓದಿರುತ್ತೀರಿ. ಹೊಕ್ಕುಳದ ಹತ್ತಿರ ಅದು ಎರಡಾಗಿ ಕವಲೊಡೆದು ಎರಡೂ ಕಾಲಿಗೆ ಹೋಗುತ್ತದೆ. ಹೊಟ್ಟೆಯ ಭಾಗದಲ್ಲಿ ಅದರ ಅಗಲ ಸುಮಾರು 2 ಸೆಂ.ಮೀ. ಇರುತ್ತದೆ. 3 ಮುಟ್ಟಿದರೆ ಅನ್ಯೂರಿಸಮ್ ಅಂತ ಕರೆಯುತ್ತಾರೆ. ಗೋಡೆ ಸವೆದು, ಹಳೇ ಸೈಕಲ್ ಟ್ಯೂಬ್ ಒಂದು ಕಡೆ ಊದಿಕೊಳ್ಳುವ ಹಾಗೆ ಉಬ್ಬಿರುತ್ತದೆ. ಉಬ್ಬಿದಷ್ಟೂ ಗೋಡೆಯ ಮೇಲೆ ಎಳೆತ ಜಾಸ್ತಿ. ಎಳೆತ ಜಾಸ್ತಿಯಾದಷ್ಟೂ ಮತ್ತೆ ಉಬ್ಬುತ್ತದೆ.

ಸಾಮಾನ್ಯವಾಗಿ ನೋವು ಇರುವುದಿಲ್ಲ. ಅದಕ್ಕೇ ಬಹಳಷ್ಟು ಜನಕ್ಕೆ ನಿಮ್ಮಪ್ಪನಿಗೆ ಆದ ಹಾಗೆಯೇ ಗೊತ್ತಾಗುತ್ತದೆ. ಕಿಡ್ನಿಗೋ ಪ್ರಾಸ್ಟೇಟಿಗೋ ಅಂತ ಸ್ಕ್ಯಾನಿಗೆ ಹೋಗಿರುತ್ತಾರೆ, ಇದು ಸಿಗುತ್ತದೆ. 4.2 ಅಂದರೆ ಇವತ್ತೇ ಓಡಬೇಕಿಲ್ಲ. ಆದರೆ ರಿಪೋರ್ಟನ್ನು ಬೀರುವಿನಲ್ಲಿ ಇಟ್ಟು ಮರೆಯಬೇಡಿ. ವ್ಯಾಸ್ಕ್ಯುಲರ್ ಸರ್ಜನ್, ಅಂದರೆ ರಕ್ತನಾಳದ ಸರ್ಜನ್ ಒಬ್ಬರಿಗೆ ತೋರಿಸಿ.

ಹಾರ್ಟಿಗೆ ಹಾಕೋ ಸ್ಟೆಂಟೇ ಅಲ್ವಾ ಇದೂ?

ಅಲ್ಲ. ಹಾರ್ಟಿನಲ್ಲಿ ನಾಳ ಕಟ್ಟಿಕೊಂಡಿರುತ್ತದೆ. ಅಲ್ಲಿಯ ಸ್ಟೆಂಟ್ ಲೋಹದ ಜಾಲರಿ, ಮೂರು ಮಿಲಿಮೀಟರ್ ಆಸುಪಾಸಿನದು, ಮುಚ್ಚಿದ ದಾರಿ ತೆರೆಯುವುದು ಅದರ ಕೆಲಸ. ಇಲ್ಲಿ ನಾಳ ಕಟ್ಟಿಲ್ಲ, ಹಿಗ್ಗಿದೆ. ಹಾಗಾಗಿ ಹಾಕುವುದು ಸ್ಟೆಂಟ್ ಗ್ರಾಫ್ಟ್. ಪಾಲಿಯೆಸ್ಟರ್ ಅಥವಾ ಪಿಟಿಎಫ್ಇ ಬಟ್ಟೆಯ ಕೊಳವೆ, ಅದನ್ನು ಬಿಡಿಸಿ ಹಿಡಿಯಲು ಲೋಹದ ಬಳೆಗಳು. ಹೆಚ್ಚಾಗಿ ನಿಟಿನಾಲ್ ಎಂಬ ಲೋಹ. ರಕ್ತ ಈ ಬಟ್ಟೆಯೊಳಗೇ ಹರಿದು ಕಾಲಿಗೆ ಹೋಗುತ್ತದೆ. ಉಬ್ಬಿದ ಗೋಡೆಗೆ ಒತ್ತಡ ತಪ್ಪುತ್ತದೆ. ಉಬ್ಬಿದ ಚೀಲವನ್ನು ಯಾರೂ ತೆಗೆಯುವುದಿಲ್ಲ, ಅದು ಅಲ್ಲೇ ಇರುತ್ತದೆ. ಈ ಒಂದು ವಿಷಯ ಮನಸ್ಸಿನಲ್ಲಿರಲಿ. ಮುಂದಿನ ಅರ್ಧ ಪ್ರಶ್ನೆಗಳು ಹುಟ್ಟುವುದೇ ಇದರಿಂದ.

ಯಾಕೆ ಬರುತ್ತೆ? ನಮ್ಮ ಮನೇಲಿ ಯಾರಿಗೂ ಇರಲಿಲ್ಲ.

ಬೀಡಿ, ಸಿಗರೇಟು. ಉಳಿದದ್ದೆಲ್ಲ ಆಮೇಲೆ. ವಯಸ್ಸು 65 ದಾಟಿರುವುದು, ಗಂಡಸಾಗಿರುವುದು, ಬಿ.ಪಿ., ಮನೆಯಲ್ಲಿ ಯಾರಿಗಾದರೂ ಇದ್ದದ್ದು, ಇವೂ ಕಾರಣಗಳೇ. 'ಈಗ ಬಿಟ್ಟಿದ್ದಾರೆ' ಅನ್ನುತ್ತಾರೆ ಮನೆಯವರು. ಇನ್ನೊಂದು ಮಾತು ಕೇಳಿದರೆ ಬಿಟ್ಟದ್ದು ಅಡ್ಮಿಟ್ ಆದ ದಿನ ಅಂತ ಗೊತ್ತಾಗುತ್ತದೆ. ಒಂದು ವಿಚಿತ್ರ ಏನೆಂದರೆ, ಶುಗರ್ ಇರುವವರಲ್ಲಿ ಈ ಅನ್ಯೂರಿಸಮ್ ಕಡಿಮೆ. ಅವರ ಉಳಿದ ರಕ್ತನಾಳಗಳನ್ನೆಲ್ಲ ಹಾಳುಮಾಡುವ ಕಾಯಿಲೆ ಇಲ್ಲಿ ಮಾತ್ರ ಉಲ್ಟಾ. ಚಿಕ್ಕ ವಯಸ್ಸಿನವರಲ್ಲಿ ಕಂಡರೆ ಸೋಂಕು, ಟಕಾಯಾಸು ಅನ್ನುವ ರಕ್ತನಾಳದ ಉರಿಯೂತ, ಹುಟ್ಟಿನಿಂದಲೇ ಬಂದ ದೋಷ, ಇವನ್ನೂ ಹುಡುಕುತ್ತಾರೆ.

ಮಾತ್ರೆಯಲ್ಲಿ ಕರಗಿಸೋಕೆ ಆಗಲ್ವಾ?

ಆಗುವುದಿಲ್ಲ. ಉಬ್ಬನ್ನು ಕುಗ್ಗಿಸುವ ಔಷಧಿ ಇನ್ನೂ ಬಂದಿಲ್ಲ. ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯೋಟಿಕ್ ಮಾತ್ರೆ ಬೆಳವಣಿಗೆ ನಿಧಾನ ಮಾಡಬಹುದು ಅಂತ ಅಮೆರಿಕದಲ್ಲಿ ಎರಡು ವರ್ಷ ಕೊಟ್ಟು ನೋಡಿದರು. 2020ರಲ್ಲಿ ಫಲಿತಾಂಶ ಬಂತು, ಏನೂ ಪ್ರಯೋಜನ ಕಾಣಲಿಲ್ಲ. ಬಿ.ಪಿ. ಮಾತ್ರೆ, ಕೊಲೆಸ್ಟ್ರಾಲ್ ಮಾತ್ರೆ ಕೊಡುವುದು ಹೃದಯವನ್ನೂ ಉಳಿದ ನಾಳಗಳನ್ನೂ ಕಾಪಾಡಲಿಕ್ಕೆ. ಬೀಡಿ ಬಿಟ್ಟರೆ ಉಬ್ಬುವ ವೇಗ ಕಡಿಮೆಯಾಗುತ್ತದೆ. 'ಆಪರೇಷನ್ ಇಲ್ಲದೆ ಕರಗಿಸ್ತೀವಿ' ಅಂತ ಯಾರಾದರೂ ದುಡ್ಡು ಕೇಳಿದರೆ ಕೈಮುಗಿದು ಬನ್ನಿ.

5.5 ಆಗೋವರೆಗೂ ಕಾಯಿರಿ ಅಂದ್ರು. ಒಡೆಯೋವರೆಗೂ ಕಾಯೋದಾ? ಈಗಲೇ ಮಾಡಿಸಿದ್ರೆ ಏನು?

ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಈ 5.5 ಸುಮ್ನೆ ಬಂದ ಸಂಖ್ಯೆ ಅಲ್ಲ. ಬ್ರಿಟನ್ನಿನಲ್ಲಿ 1998ರಲ್ಲಿ, ಅಮೆರಿಕದಲ್ಲಿ 2002ರಲ್ಲಿ ಎರಡು ದೊಡ್ಡ ಅಧ್ಯಯನಗಳು ಹೊರಬಂದವು. 4ರಿಂದ 5.5 ಸೆಂ.ಮೀ. ಒಳಗಿನವರನ್ನು ಎರಡು ಗುಂಪು ಮಾಡಿದ್ದರು. ಒಂದು ಗುಂಪಿಗೆ ಕೂಡಲೇ ಆಪರೇಷನ್, ಇನ್ನೊಂದಕ್ಕೆ ಬರೀ ಸ್ಕ್ಯಾನ್ ಮಾಡುತ್ತಾ ಕಾಯುವುದು. ಬೇಗ ಮಾಡಿಸಿಕೊಂಡವರು ಹೆಚ್ಚು ಕಾಲ ಬದುಕಲಿಲ್ಲ. ಚಿಕ್ಕದಿದ್ದಾಗ ಒಡೆಯುವ ಅಪಾಯಕ್ಕಿಂತ ಆಪರೇಷನ್ನಿನ ಅಪಾಯವೇ ದೊಡ್ಡದು ಅಂತಾಯಿತು.

ಹೆಂಗಸರಲ್ಲಿ ಇನ್ನೂ ಚಿಕ್ಕದಿದ್ದಾಗಲೇ ಒಡೆಯುವುದರಿಂದ 5ಕ್ಕೇ ಯೋಚಿಸುತ್ತಾರೆ. ನೋವು ಶುರುವಾದರೆ, ಅಥವಾ ವರ್ಷಕ್ಕೆ 1 ಸೆಂ.ಮೀ. ಬೆಳೆದರೆ ಅಳತೆ ನೋಡುತ್ತಾ ಕೂರುವುದಿಲ್ಲ. ಕಾಯುವುದು ಅಂದರೆ ಸುಮ್ಮನಿರುವುದಲ್ಲ. 4 ದಾಟಿದ ಮೇಲೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ, 5ರ ಹತ್ತಿರ ಬಂದಾಗ ಆರು ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್. ಸಾಧ್ಯವಾದರೆ ಒಂದೇ ಕಡೆ ಮಾಡಿಸಿ. ಎರಡು ಸೆಂಟರಿನ ಅಳತೆಗಳು ಕೆಲವು ಮಿಲಿಮೀಟರ್ ಆಚೀಚೆ ಬರುತ್ತವೆ, ಮನೆಯಲ್ಲಿ ಎಲ್ಲರ ನಿದ್ದೆ ಹೋಗುತ್ತದೆ.

ಒಡೆದ್ರೆ ಹೇಗೆ ಗೊತ್ತಾಗುತ್ತೆ?

ಇದ್ದಕ್ಕಿದ್ದ ಹಾಗೆ ಹೊಟ್ಟೆ ಅಥವಾ ಬೆನ್ನಿನಲ್ಲಿ ತಡೆಯಲಾರದ ನೋವು, ತಲೆಸುತ್ತು, ಬೆವರು, ಪ್ರಜ್ಞೆ ತಪ್ಪುವುದು. ಗ್ಯಾಸ್ ಅಂತ ಸೋಡಾ ಕುಡಿಸಿ, ಬೆನ್ನು ಹಿಡಿದಿದೆ ಅಂತ ಎಣ್ಣೆ ತಿಕ್ಕಿ ಸಮಯ ಕಳೆಯುವುದೇ ಇಲ್ಲಿ ಪ್ರಾಣ ತೆಗೆಯುತ್ತದೆ. ಅನ್ಯೂರಿಸಮ್ ಇದೆ ಅಂತ ಗೊತ್ತಿರುವ ಮನೆಯಲ್ಲಿ ಇಂಥ ನೋವು ಬಂದರೆ ತಕ್ಷಣ 108ಕ್ಕೆ ಫೋನ್ ಮಾಡಿ, 'ಅಯೋರ್ಟಿಕ್ ಅನ್ಯೂರಿಸಮ್ ಇದೆ' ಅಂತ ಮೊದಲ ಮಾತಿನಲ್ಲೇ ಹೇಳಿ. ಸಿಟಿ ಸ್ಕ್ಯಾನ್ ಮತ್ತು ರಕ್ತನಾಳದ ಸರ್ಜನ್ ಎರಡೂ ಇರುವ ಆಸ್ಪತ್ರೆ ನಿಮ್ಮ ಊರಿಗೆ ಹತ್ತಿರ ಯಾವುದು ಅಂತ ಇವತ್ತೇ ವಿಚಾರಿಸಿಟ್ಟುಕೊಳ್ಳಿ.

## ಮಾಡಿಸಬೇಕು ಅಂತ ಹೇಳಿದ ಮೇಲೆ

ಇದು ಹೊಸದಾ? ನಮ್ಮ ಮೇಲೆ ಪ್ರಯೋಗ ಮಾಡ್ತಿಲ್ಲ ತಾನೆ?

ಮೂವತ್ತು ವರ್ಷ ದಾಟಿದೆ. ಅದಕ್ಕೂ ಮುಂಚಿನ ಕಾಲ ಹೇಗಿತ್ತು ನೋಡಿ. ವಿಜ್ಞಾನಿ ಐನ್‌ಸ್ಟೈನ್ ಅವರಿಗೆ ಇದೇ ತೊಂದರೆ ಇತ್ತು. 1948ರಲ್ಲಿ ಸರ್ಜನ್ ರುಡಾಲ್ಫ್ ನಿಸ್ಸೆನ್ ಹೊಟ್ಟೆ ತೆರೆದು, ಉಬ್ಬಿದ ನಾಳಕ್ಕೆ ಸೆಲ್ಲೋಫೇನ್ ಹಾಳೆ ಸುತ್ತಿ ಮುಚ್ಚಿದರು. ಆಗ ಇದ್ದದ್ದೇ ಅಷ್ಟು. 1955ರ ಏಪ್ರಿಲ್‌ನಲ್ಲಿ ಅದು ಒಡೆಯಿತು. ಐನ್‌ಸ್ಟೈನ್ ಮತ್ತೆ ಆಪರೇಷನ್ ಬೇಡ ಅಂದರು. ಉಬ್ಬಿದ ಭಾಗ ಕತ್ತರಿಸಿ ಬೇರೆ ನಾಳ ಜೋಡಿಸುವ ಆಪರೇಷನ್ 1951ರಲ್ಲೇ ಪ್ಯಾರಿಸ್‌ನಲ್ಲಿ ಆಗಿತ್ತು, ಮಾಡಿದವರು ಶಾರ್ಲ್ ದ್ಯುಬೋ.

ಒಳಗಿನಿಂದಲೇ ರಿಪೇರಿ ಮಾಡುವ ಕೆಲಸ ಎರಡು ಕಡೆ ಬೇರೆಬೇರೆಯಾಗಿ ಶುರುವಾಯಿತು. ಉಕ್ರೇನಿನ ಖಾರ್ಕಿವ್‌ನಲ್ಲಿ ನಿಕೊಲಾಯ್ ವೊಲೊದೋಸ್ 1987ರಲ್ಲಿ ಎದೆಯ ಭಾಗದ ಅಯೋರ್ಟಾಗೆ ಸ್ಟೆಂಟ್ ಗ್ರಾಫ್ಟ್ ಹಾಕಿದರು. ಹೊಟ್ಟೆಯ ಅನ್ಯೂರಿಸಮ್‌ಗೆ ಅರ್ಜೆಂಟೀನಾದ ಹ್ವಾನ್ ಪರೋದಿ 1990ರ ಸೆಪ್ಟೆಂಬರ್‌ನಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಮಾಡಿ, ಮರುವರ್ಷ ಪ್ರಕಟಿಸಿದರು. ಜಗತ್ತು ಗಮನಿಸಿದ್ದು ಅದನ್ನು. 1999ರಲ್ಲಿ ಅಮೆರಿಕದ ಔಷಧಿ, ಉಪಕರಣಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು.

ಒಳಗೆ ಏನ್ ಮಾಡ್ತಾರೆ? ಮೂರು ಗಂಟೆ ಆಯ್ತು, ಯಾರೂ ಏನೂ ಹೇಳ್ತಿಲ್ಲ.

ಹೊರಗೆ ಕೂತವರ ಕಷ್ಟ ನನಗೆ ದಿನಾ ಕಾಣುತ್ತದೆ. ಒಳಗೆ ನಡೆಯುವುದು ಇಷ್ಟು.

ಎರಡೂ ತೊಡೆಸಂದಿನಲ್ಲಿ ಸೂಜಿ ಹಾಕಿ ರಕ್ತನಾಳ ಹಿಡಿಯುತ್ತಾರೆ. ಈಗ ಹೆಚ್ಚಾಗಿ ಅಲ್ಲಿ ಚರ್ಮ ಕೊಯ್ಯುವುದೇ ಇಲ್ಲ. ತೂತು ದೊಡ್ಡದು ಮಾಡುವ ಮೊದಲೇ ಅದನ್ನು ಮುಚ್ಚುವ ದಾರ ಒಳಗೆ ಕೂರಿಸಿಟ್ಟು, ಕೊನೆಗೆ ಗಂಟು ಎಳೆಯುತ್ತಾರೆ. ರಕ್ತ ಹೆಪ್ಪುಗಟ್ಟದ ಹಾಗೆ ಹೆಪಾರಿನ್ ಕೊಡುತ್ತಾರೆ. ಗಟ್ಟಿ ತಂತಿಯೊಂದನ್ನು ಎದೆಯವರೆಗೆ ಏರಿಸಿ, ಅದರ ಮೇಲೆ ಗ್ರಾಫ್ಟ್ ಇರುವ ಕೊಳವೆಯನ್ನು ನಿಧಾನವಾಗಿ ತಳ್ಳುತ್ತಾರೆ. ಸುಮಾರು 6 ಮಿ.ಮೀ. ದಪ್ಪದ ಆ ಕೊಳವೆಯೊಳಗೆ ಗ್ರಾಫ್ಟ್ ಮುದುಡಿ ಕೂತಿರುತ್ತದೆ. ಎಕ್ಸ್‌ರೇಯಲ್ಲಿ ನಾಳ ಕಾಣುವ ಹಾಗೆ ಮಾಡುವ ದ್ರವ, ಅಂದರೆ ಡೈ ಬಿಟ್ಟು ಕಿಡ್ನಿಯ ನಾಳಗಳು ಎಲ್ಲಿವೆ ಅಂತ ಪರದೆಯ ಮೇಲೆ ಗುರುತು ಹಾಕುತ್ತಾರೆ. ಆಗ ರೂಮಿನಲ್ಲಿ ಮಾತು ನಿಲ್ಲುತ್ತದೆ. ಗ್ರಾಫ್ಟಿನ ಮೇಲಂಚು ಆ ನಾಳಗಳ ಕೆಳಗೇ ಕೂರಬೇಕು. ಎರಡು ಮಿಲಿಮೀಟರ್ ಮೇಲೆ ಹೋದರೆ ಕಿಡ್ನಿಗೆ ರಕ್ತ ನಿಲ್ಲಬಹುದು, ಕೆಳಗೆ ಬಂದರೆ ಹಿಡಿತ ಸಾಲದು.

ಗ್ರಾಫ್ಟ್ ತಲೆಕೆಳಗಾದ 'ವೈ' ಆಕಾರದ್ದು, ಆದರೆ ಒಂದೇ ತುಂಡಲ್ಲ. ಮುಖ್ಯ ಭಾಗ ಒಂದು ಕಡೆಯ ಕಾಲಿನಿಂದ ಬರುತ್ತದೆ. ಅದಕ್ಕೆ ಒಂದು ಕಾಲು ಉದ್ದ, ಇನ್ನೊಂದು ಮೊಂಡು. ಆ ಮೊಂಡು ಕಾಲಿನ ಬಾಯಿಯೊಳಗೆ ಇನ್ನೊಂದು ತೊಡೆಯಿಂದ ತಂತಿ ತೂರಿಸಬೇಕು. ಉಬ್ಬಿದ ಚೀಲದೊಳಗೆ ಆ ಬಾಯಿ ಯಾವ ಕಡೆ ತಿರುಗಿದೆಯೋ ಏನೋ. ಕೆಲವು ಸಲ ಎರಡೇ ನಿಮಿಷ, ಕೆಲವು ಸಲ ಅರ್ಧ ಗಂಟೆ. ತಂತಿ ಒಳಗೇ ಹೋಯಿತಾ, ಗ್ರಾಫ್ಟಿನ ಪಕ್ಕದಲ್ಲಿ ಜಾರಿತಾ ಅಂತ ಖಾತ್ರಿ ಮಾಡಿಕೊಳ್ಳಲು ತುದಿ ಸುರುಳಿಯಾದ ಪಿಗ್‌ಟೇಲ್ ಕೊಳವೆ ಕಳಿಸಿ ತಿರುಗಿಸುತ್ತಾರೆ. ಸಲೀಸಾಗಿ ಗಿರಗಿರ ತಿರುಗಿದರೆ ಒಳಗಿದೆ ಅಂತ. ನೀವು ಹೊರಗೆ ಗಡಿಯಾರ ನೋಡುತ್ತಿರುವಾಗ ತಡವಾಗುವುದು ಬಹುಪಾಲು ಇಲ್ಲೇ. ಅಲ್ಲಿಂದ ಎರಡನೇ ಕಾಲು ಜೋಡಿಸಿ, ಬಲೂನಿನಿಂದ ಒತ್ತಿ ಕೂರಿಸಿ, ಮತ್ತೆ ಡೈ ಬಿಟ್ಟು ಸೋರುತ್ತಿದೆಯಾ ನೋಡುತ್ತಾರೆ.

ಹೊಟ್ಟೆ ಕೊಯ್ದು ಮಾಡೋದಾ, ಇದಾ? ಯಾವುದು ಒಳ್ಳೇದು?

ಎಲ್ಲರಿಗೂ ಒಂದೇ ಉತ್ತರ ಇಲ್ಲ. ಬ್ರಿಟನ್ನಿನ ಈವಾರ್-1 ಎಂಬ ಅಧ್ಯಯನದಲ್ಲಿ ಮೊದಲ 30 ದಿನದಲ್ಲಿ ತೀರಿಕೊಂಡವರು ಈವಾರ್‌ನಲ್ಲಿ ನೂರಕ್ಕೆ 1.7, ಹೊಟ್ಟೆ ತೆರೆದು ಮಾಡಿದವರಲ್ಲಿ 4.7. ಆಸ್ಪತ್ರೆಯಲ್ಲೂ ಎರಡು ಮೂರು ದಿನ ಸಾಕು, ಇನ್ನೊಂದಕ್ಕೆ ವಾರಕ್ಕೂ ಹೆಚ್ಚು ಬೇಕು. ಇಷ್ಟು ಕೇಳಿದರೆ ಯಾರಾದರೂ ಈವಾರ್ ಅನ್ನುತ್ತಾರೆ. ಆದರೆ ಅದೇ ರೋಗಿಗಳನ್ನು 15 ವರ್ಷ ಹಿಂಬಾಲಿಸಿದ ವರದಿ 2016ರಲ್ಲಿ ಬಂತು. ಎಂಟು ವರ್ಷ ದಾಟಿದ ಮೇಲೆ ಲೆಕ್ಕ ತಿರುಗಿತ್ತು. ಹೊಟ್ಟೆ ತೆರೆದು ಮಾಡಿಸಿಕೊಂಡವರೇ ಹೆಚ್ಚು ಬದುಕಿದ್ದರು. ಈವಾರ್ ಆದವರಲ್ಲಿ ಚೀಲ ಮತ್ತೆ ಬೆಳೆದು ಒಡೆದದ್ದು ಒಂದು ಮುಖ್ಯ ಕಾರಣ.

ಹಾಗಾಗಿ 78 ವರ್ಷ, ಹಾರ್ಟಿನ ತೊಂದರೆ, ಬೀಡಿಯಿಂದ ಹಾಳಾದ ಶ್ವಾಸಕೋಶ ಅಂದರೆ ಈವಾರ್ ಸರಿ. 60 ವರ್ಷ, ಗಟ್ಟಿ ಆಳು ಅಂದರೆ ಹೊಟ್ಟೆ ತೆರೆಯುವುದನ್ನೂ ಗಂಭೀರವಾಗಿ ಕೇಳಿ. ಚಿಕಿತ್ಸೆಗಳ ಬಗ್ಗೆ ಮಾರ್ಗಸೂಚಿ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2020ರಲ್ಲಿ ಹೀಗೆಯೇ ಸಲಹೆ ಕೊಟ್ಟಿದೆ. 'ಕೊಯ್ಯೋದಿಲ್ಲ' ಅನ್ನುವುದೊಂದೇ ಕಾರಣಕ್ಕೆ ಆರಿಸಿಕೊಳ್ಳುವುದು ನನ್ನ ಮಟ್ಟಿಗೆ ಸರಿಯಲ್ಲ.

ನಮ್ಮಮ್ಮನಿಗೆ ಈವಾರ್ ಆಗಲ್ಲ ಅಂದ್ರು. ದುಡ್ಡಿಗೋಸ್ಕರನಾ?

ಬಹುಶಃ ಅಳತೆಗೋಸ್ಕರ. ಕಿಡ್ನಿಯ ನಾಳಗಳ ಕೆಳಗೆ, ಉಬ್ಬು ಶುರುವಾಗುವ ಮುಂಚೆ, ಗ್ರಾಫ್ಟ್ ಹಿಡಿದುಕೊಳ್ಳಲು 10ರಿಂದ 15 ಮಿ.ಮೀ. ಚೆನ್ನಾಗಿರುವ ಜಾಗ ಬೇಕು. ಅದಕ್ಕೆ 'ನೆಕ್' ಅನ್ನುತ್ತಾರೆ. ಅದು ಗಿಡ್ಡವಿದ್ದರೆ, ತುಂಬಾ ಬಾಗಿದ್ದರೆ, ಸುಣ್ಣ ಕಟ್ಟಿದ್ದರೆ ಗ್ರಾಫ್ಟ್ ಜಾರುತ್ತದೆ. ಹೆಂಗಸರಲ್ಲಿ ತೊಡೆಯ ಕಡೆಯ ನಾಳಗಳೂ ಸಪೂರ, ಕೊಳವೆ ಹೋಗುವುದೇ ಕಷ್ಟ. ಕಿಡ್ನಿಯ ನಾಳಗಳಿಗೆ ಸರಿಯಾಗಿ ಕಿಂಡಿ ಇಟ್ಟು, ಒಬ್ಬೊಬ್ಬರ ಅಳತೆಗೆ ಮಾಡಿಸುವ ಗ್ರಾಫ್ಟ್‌ಗಳೂ ಇವೆ. ತಯಾರಾಗಿ ಬರಲು ವಾರಗಟ್ಟಲೆ ಬೇಕು, ಬೆಲೆಯೂ ಜಾಸ್ತಿ, ಮಾಡುವ ಕೈಗಳೂ ಕಡಿಮೆ. ಸಿಟಿ ಆಂಜಿಯೋದ (ಡೈ ಕೊಟ್ಟು ರಕ್ತನಾಳ ನೋಡುವ ಸಿಟಿ ಸ್ಕ್ಯಾನ್) ಸಿಡಿ ತೆಗೆದುಕೊಂಡು ಇನ್ನೊಬ್ಬ ಸರ್ಜನ್‌ಗೆ ತೋರಿಸಿ. ಬರೀ ರಿಪೋರ್ಟ್ ಕಾಗದ ಸಾಲದು, ಚಿತ್ರಗಳೇ ಬೇಕು.

ಕ್ರಿಯಾಟಿನಿನ್ 1.9 ಇದೆ. ಡೈ ಹಾಕಿದ್ರೆ ಕಿಡ್ನಿ ಹೋಗುತ್ತಾ?

ಕ್ರಿಯಾಟಿನಿನ್ ಅಂದರೆ ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ ತಿಳಿಸುವ ರಕ್ತಪರೀಕ್ಷೆ, ಅದು ಏರಿದ್ದರೆ ಕಿಡ್ನಿ ದುರ್ಬಲ ಅಂತ. ಅಪಾಯ ಇದೆ, ಅದನ್ನು ಕಡಿಮೆ ಮಾಡುವ ದಾರಿಗಳೂ ಇವೆ. ಮುಂಚೆ ಸಲೈನ್ ಕೊಡುವುದು, ಡೈ ಕಡಿಮೆ ಬಳಸುವುದು, ಕೆಲವು ಕಡೆ ಡೈ ಬದಲು ಕಾರ್ಬನ್ ಡೈ ಆಕ್ಸೈಡ್ ಬಿಟ್ಟು ಚಿತ್ರ ತೆಗೆಯುವುದು. ಶುಗರ್‌ಗೆ ಮೆಟ್‌ಫಾರ್ಮಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮುಂಚೆಯೇ ಹೇಳಿ, ಕೆಲವು ದಿನ ನಿಲ್ಲಿಸಲು ಹೇಳಬಹುದು. ಊರಿನಲ್ಲಿ ಮಂಡಿನೋವಿಗೆ ಅಂತ ನುಂಗುವ ಮಾತ್ರೆಗಳನ್ನೂ ಹೇಳಿ. ಕಿಡ್ನಿಗೆ ಡೈಗಿಂತ ಅವೇ ಕಾಟ ಕೊಟ್ಟಿರುತ್ತವೆ ಎಷ್ಟೋ ಸಲ.

ಸರ್ಕಾರ ಸ್ಟೆಂಟ್ ಬೆಲೆ ಇಳಿಸಿತ್ತಲ್ಲ? ಮತ್ತೆ ಇಷ್ಟೊಂದು ಯಾಕೆ?

2017ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಬೆಲೆಗೆ ಮಿತಿ ಹಾಕಿದ್ದು ಹೃದಯದ ಸ್ಟೆಂಟ್‌ಗಳಿಗೆ ಮಾತ್ರ. ಆಗ ಸಾದಾ ಸ್ಟೆಂಟಿಗೆ 7,260 ರೂಪಾಯಿ, ಔಷಧಿ ಲೇಪಿಸಿದ್ದಕ್ಕೆ 29,600. ಅಯೋರ್ಟಾದ ಗ್ರಾಫ್ಟ್ ಆ ಪಟ್ಟಿಯಲ್ಲಿ ಇರಲಿಲ್ಲ. ಇಲ್ಲಿ ಬಿಲ್ಲಿನ ದೊಡ್ಡ ಪಾಲು ಗ್ರಾಫ್ಟಿನದೇ. ಎಸ್ಟಿಮೇಟ್ ಕೇಳುವಾಗ ಎಷ್ಟು ತುಂಡು ಲೆಕ್ಕ ಹಾಕಿದ್ದಾರೆ, ಒಂದು ತುಂಡು ಜಾಸ್ತಿ ಬೇಕಾದರೆ ಎಷ್ಟಾಗುತ್ತದೆ ಅಂತ ಕೇಳಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸೌಲಭ್ಯವಿದೆ. ಗ್ರಾಫ್ಟ್ ಅದರಲ್ಲಿ ಎಷ್ಟರ ಮಟ್ಟಿಗೆ ಬರುತ್ತದೆ ಅಂತ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಅಡ್ಮಿಟ್ ಆಗುವ ಮೊದಲೇ ಕೇಳಿ.

## ಮನೆಗೆ ಬಂದ ಮೇಲೆ

ಮೂರನೇ ದಿನ ಜ್ವರ ಬಂತು. ಇನ್ಫೆಕ್ಷನ್ ಆಯ್ತಾ?

ಮೊದಲ ವಾರದ ಸಣ್ಣ ಜ್ವರ, ಸುಸ್ತು, ರಕ್ತದಲ್ಲಿ ಬಿಳಿ ಕಣ ಹೆಚ್ಚಾಗುವುದು ತುಂಬಾ ಜನರಲ್ಲಿ ಕಾಣುತ್ತದೆ. ದೇಹ ಹೊಸ ಬಟ್ಟೆಗೆ ತೋರಿಸುವ ಪ್ರತಿಕ್ರಿಯೆ ಅದು, ತಾನಾಗೇ ಇಳಿಯುತ್ತದೆ. ಆದರೂ ಫೋನ್ ಮಾಡಿ ತಿಳಿಸಿ. ಚಳಿ ನಡುಕ ಬಂದರೆ, ತೊಡೆಸಂದು ಕೆಂಪಾಗಿ ಕೀವು ಬಂದರೆ, ವಾರ ಕಳೆದರೂ ಜ್ವರ ಬಿಡದಿದ್ದರೆ ಹೋಗಿ ತೋರಿಸಲೇಬೇಕು.

ಇಂಡಿಯನ್ ಟಾಯ್ಲೆಟ್ ಬಳಸಬಹುದಾ? ತೋಟಕ್ಕೆ ಯಾವಾಗ ಹೋಗಬಹುದು?

ಒಂದೆರಡು ವಾರ ಕುಕ್ಕರಗಾಲಲ್ಲಿ ಕೂರುವುದು, ಭಾರ ಎತ್ತುವುದು ಬೇಡ. ತೊಡೆಸಂದಿನ ತೂತು ಮಾಯಬೇಕು. ಅಷ್ಟು ದಿನ ಕಮೋಡ್ ಅಥವಾ ಪ್ಲಾಸ್ಟಿಕ್ ಕಮೋಡ್ ಕುರ್ಚಿ ಸಾಕು. ನಡೆದಾಡುವುದು ಮಾರನೇ ದಿನದಿಂದಲೇ ಒಳ್ಳೆಯದು. ತೊಡೆಸಂದು ದಿಢೀರ್ ಊದಿಕೊಂಡರೆ ಗಟ್ಟಿಯಾಗಿ ಒತ್ತಿಹಿಡಿದು ಆಸ್ಪತ್ರೆಗೆ ಹೊರಡಿ. ಒಂದು ಕಾಲು ಮಾತ್ರ ತಣ್ಣಗಾಗಿ, ಬಿಳಿಚಿಕೊಂಡು, ನೋವು ಶುರುವಾದರೆ ಗ್ರಾಫ್ಟಿನ ಒಂದು ಕಾಲು ಕಟ್ಟಿರಬಹುದು. ಬೆಳಗಾಗಲಿ ಅಂತ ಕಾಯಬೇಡಿ.

ನಡೆದ್ರೆ ಪೃಷ್ಠದಲ್ಲಿ ಹಿಡಿದ ಹಾಗಾಗುತ್ತೆ. ಮುಂಚೆ ಇರಲಿಲ್ಲ.

ಉಬ್ಬು ಕೆಳಗಿನ ಕವಲಿಗೂ ಹರಡಿದ್ದರೆ, ಸೊಂಟದೊಳಗೆ ಹೋಗುವ ಒಂದು ನಾಳವನ್ನು ಬೇಕೆಂದೇ ಮುಚ್ಚಬೇಕಾಗುತ್ತದೆ. ಅದರಿಂದ ಹೀಗಾಗಬಹುದು. ದಿನಾ ನಡೆಯುತ್ತಿದ್ದರೆ ಅಕ್ಕಪಕ್ಕದ ಸಣ್ಣ ನಾಳಗಳು ಅಗಲವಾಗಿ ಹಲವರಿಗೆ ತಿಂಗಳುಗಳಲ್ಲಿ ಕಡಿಮೆಯಾಗುತ್ತದೆ. ಇದೇ ಕಾರಣಕ್ಕೆ ಗಂಡಸರಲ್ಲಿ ಲೈಂಗಿಕ ತೊಂದರೆಯೂ ಬರಬಹುದು. ಯಾರೂ ಕೇಳುವುದಿಲ್ಲ, ಯಾರೂ ಹೇಳುವುದೂ ಇಲ್ಲ. ಸಂಕೋಚಪಡದೆ ಆಪರೇಷನ್ನಿಗೆ ಮುಂಚೆಯೇ ಕೇಳಿ.

ಎಂಆರ್‌ಐ ಮಾಡಿಸಬಹುದಾ?

ಈಗಿನ ಹೆಚ್ಚಿನ ಗ್ರಾಫ್ಟ್‌ಗಳಿಗೆ ಮಾಡಿಸಬಹುದು. ಡಿಸ್ಚಾರ್ಜ್ ವೇಳೆ ಕೊಡುವ ಗ್ರಾಫ್ಟ್ ಕಾರ್ಡ್ ತೋರಿಸಿ. ಅದರ ಫೋಟೋ ಮಕ್ಕಳ ಫೋನಿನಲ್ಲೂ ಇರಲಿ.

ಯೂರಿನ್ ಇನ್ಫೆಕ್ಷನ್‌ಗೆ ಮೆಡಿಕಲ್ ಶಾಪಲ್ಲಿ ಸಿಪ್ರೊಫ್ಲಾಕ್ಸಾಸಿನ್ ಕೊಟ್ರು. ತಗೋಬಹುದಾ?

ಕೇಳಿದ್ದು ಒಳ್ಳೆಯದಾಯಿತು. ಸಿಪ್ರೊಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್, ಆಫ್ಲಾಕ್ಸಾಸಿನ್ ಒಂದೇ ಗುಂಪಿನವು. ಅನ್ಯೂರಿಸಮ್ ಇರುವವರಿಗೆ, ಅದು ಬರುವ ಸಾಧ್ಯತೆ ಹೆಚ್ಚಿರುವವರಿಗೆ ಬೇರೆ ದಾರಿ ಇಲ್ಲದಿದ್ದರೆ ಮಾತ್ರ ಇವನ್ನು ಕೊಡಿ ಅಂತ ಎಫ್‌ಡಿಎ 2018ರ ಡಿಸೆಂಬರ್‌ನಲ್ಲಿ ಎಚ್ಚರಿಸಿದೆ. ನಮ್ಮಲ್ಲಿ ಭೇದಿಗೂ ಉರಿಮೂತ್ರಕ್ಕೂ ಇವನ್ನು ಕೌಂಟರಿನಲ್ಲೇ ಎರಡು ಮಾತ್ರೆ ಕತ್ತರಿಸಿ ಕೊಟ್ಟುಬಿಡುತ್ತಾರೆ. ಡಾಕ್ಟರಿಗೆ ಅನ್ಯೂರಿಸಮ್ ವಿಷಯ ಹೇಳಿ, ಬೇರೆ ಆಂಟಿಬಯೋಟಿಕ್ ಕೇಳಿ.

## ವರ್ಷಗಳು ಕಳೆದ ಮೇಲೆ

ಆರಾಮಾಗಿದ್ದಾರೆ. ಪ್ರತಿ ವರ್ಷ ಸ್ಕ್ಯಾನ್ ಯಾಕೆ? ದುಡ್ಡು ಮಾಡೋಕೆ ತಾನೆ?

ನಾನು ಅತಿ ಹೆಚ್ಚು ಕೇಳಿದ ಪ್ರಶ್ನೆ ಇದು. ಉಬ್ಬಿದ ಗೋಡೆ ಅಲ್ಲೇ ಇದೆ ಅಂತ ಮೇಲೆ ಹೇಳಿದ್ದೆನಲ್ಲ. ಗ್ರಾಫ್ಟ್ ಜಾರಬಹುದು, ನೆಕ್ ಹಿಗ್ಗಬಹುದು, ತುಂಡುಗಳ ಜೋಡಣೆ ಸಡಿಲವಾಗಬಹುದು. ಇದ್ಯಾವುದೂ ನೋಯುವುದಿಲ್ಲ. ರೋಗಿ ತೋಟ ಸುತ್ತಿಕೊಂಡು ಆರಾಮಾಗಿರುವಾಗಲೇ ಒಳಗೆ ಚೀಲ ದೊಡ್ಡದಾಗುತ್ತಿರುತ್ತದೆ. ಸಾಮಾನ್ಯವಾಗಿ ಒಂದು ತಿಂಗಳಿಗೆ ಸಿಟಿ, ವರ್ಷಕ್ಕೆ ಇನ್ನೊಮ್ಮೆ, ಎಲ್ಲ ಸರಿಯಿದ್ದರೆ ಆಮೇಲೆ ವರ್ಷಕ್ಕೊಂದು ಡಾಪ್ಲರ್ ಅಲ್ಟ್ರಾಸೌಂಡ್ ನಡೆಯುತ್ತದೆ. ಅಲ್ಟ್ರಾಸೌಂಡಿಗೆ ಡೈ ಬೇಡ, ಖರ್ಚೂ ಕಡಿಮೆ. ದೂರದ ಊರಿನವರು ಅದನ್ನು ಜಿಲ್ಲಾ ಕೇಂದ್ರದಲ್ಲಿ ಮಾಡಿಸಿ ಸರ್ಜನ್‌ಗೆ ಕಳಿಸಬಹುದು. ವರ್ಷ ವರ್ಷ ಸ್ಕ್ಯಾನಿಗೆ ಬರಲು ಆಗುವುದೇ ಇಲ್ಲ ಅನ್ನುವ ಮನೆಯವರು ಅದನ್ನು ಆಪರೇಷನ್ ಆರಿಸುವಾಗಲೇ ಹೇಳಬೇಕು. ಈವಾರ್ ಬೇಡ ಅನ್ನಲು ಅದೂ ಒಂದು ನಿಜವಾದ ಕಾರಣ.

ರಿಪೋರ್ಟಲ್ಲಿ 'ಟೈಪ್ 2 ಎಂಡೋಲೀಕ್' ಅಂತಿದೆ. ಲೀಕ್ ಅಂದ್ರೆ ಹೊಟ್ಟೆಯೊಳಗೆ ರಕ್ತ ಸೋರ್ತಿದೆಯಾ?

ಹೊಟ್ಟೆಗೆ ಅಲ್ಲ, ಗ್ರಾಫ್ಟಿನ ಹೊರಗೆ ಉಳಿದ ಹಳೇ ಚೀಲದೊಳಗೆ. ಟೈಪ್ 1 ಅಂದರೆ ಗ್ರಾಫ್ಟಿನ ಮೇಲಿನ ಅಥವಾ ಕೆಳಗಿನ ತುದಿ ಗೋಡೆಗೆ ಸರಿಯಾಗಿ ಅಂಟಿಲ್ಲ. ಟೈಪ್ 3 ಅಂದರೆ ತುಂಡುಗಳ ನಡುವೆ ಬಿರುಕು, ಇಲ್ಲ ಬಟ್ಟೆ ಹರಿದಿದೆ. ಇವೆರಡರಲ್ಲಿ ಚೀಲಕ್ಕೆ ಪೂರ್ತಿ ಒತ್ತಡ ಬೀಳುತ್ತದೆ, ಬೇಗ ಸರಿಮಾಡಲೇಬೇಕು. ಟೈಪ್ 2 ಎಲ್ಲಕ್ಕಿಂತ ಸಾಮಾನ್ಯ. ಬೆನ್ನಿನ ಮತ್ತು ಕರುಳಿನ ಸಣ್ಣ ನಾಳಗಳಿಂದ ರಕ್ತ ಹಿಂದಕ್ಕೆ ಬಂದು ಚೀಲ ಸೇರುತ್ತದೆ. ಎಷ್ಟೋ ಸಲ ತಾನಾಗೇ ನಿಲ್ಲುತ್ತದೆ. ನೋಡಬೇಕಾದದ್ದು ಚೀಲದ ಅಳತೆ. ಅದು ಹಾಗೇ ಇದ್ದರೆ ಅಥವಾ ಕುಗ್ಗಿದರೆ ಕಾಯುತ್ತಾರೆ. ಬೆಳೆಯುತ್ತಿದ್ದರೆ ಆ ಸಣ್ಣ ನಾಳಗಳನ್ನು ಸುರುಳಿ ತಂತಿ ಅಥವಾ ಅಂಟು ಹಾಕಿ ಮುಚ್ಚುತ್ತಾರೆ.

ನಾನು ಇಂಗ್ಲೆಂಡಲ್ಲಿದೀನಿ, ತಮ್ಮ ಹಾಸನದಲ್ಲಿ. ಅಪ್ಪನಿಗೆ ಇದೆ ಅಂದ್ರೆ ನಾವೂ ನೋಡಿಸಬೇಕಾ?

ನೋಡಿಸಿ. ಇಂಗ್ಲೆಂಡಿನಲ್ಲಿ ಗಂಡಸರಿಗೆ 65 ತುಂಬುವ ವರ್ಷ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಕಡೆಯಿಂದ ಉಚಿತ ಸ್ಕ್ಯಾನಿಗೆ ಪತ್ರ ಬರುತ್ತದೆ. ನಿಮ್ಮ ಮನೆಯಲ್ಲಿ ಇರುವುದರಿಂದ ಅಷ್ಟು ಕಾಯದೆ ಜಿಪಿ (ಅಲ್ಲಿನ ಫ್ಯಾಮಿಲಿ ಡಾಕ್ಟರ್) ಹತ್ತಿರ ಹೇಳಿ. ನಮ್ಮಲ್ಲಿ ಅಂಥ ಸರ್ಕಾರಿ ಕಾರ್ಯಕ್ರಮ ಇಲ್ಲ. ನಿಮ್ಮ ತಮ್ಮನಿಗೆ 50 ದಾಟಿದ್ದರೆ, ಅದರಲ್ಲೂ ಸಿಗರೇಟು ಸೇದುತ್ತಿದ್ದರೆ, ಮುಂದಿನ ಸಲ ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸುವಾಗ 'ಅಯೋರ್ಟಾ ಅಳತೆಯನ್ನೂ ಬರೆಯಿರಿ' ಅಂತ ಕೇಳಿದರೆ ಆಯಿತು. ಕೆಲವೇ ನಿಮಿಷದ ಕೆಲಸ. ಅಪ್ಪನ ಅಣ್ಣತಮ್ಮಂದಿರಿಗೂ ಹೇಳಿ.

ಏಳು ವರ್ಷ ಆಯ್ತು. ಚೀಲ ಮತ್ತೆ ದೊಡ್ಡದಾಗ್ತಿದೆ ಅಂದ್ರು. ಈಗ ಹೊಟ್ಟೆ ಕೊಯ್ಯಲೇಬೇಕಾ?

ಮೊದಲು ಯಾಕೆ ಬೆಳೆಯುತ್ತಿದೆ ಅಂತ ಸಿಟಿ ಆಂಜಿಯೋದಲ್ಲಿ ಹುಡುಕುತ್ತಾರೆ. ಬಹುಪಾಲು ರಿಪೇರಿ ಮತ್ತೆ ತೊಡೆಸಂದಿನಿಂದಲೇ ಆಗುತ್ತದೆ. ಮೇಲೆ ಜಾರಿದ್ದರೆ ಇನ್ನೊಂದು ತುಂಡು ಸೇರಿಸಿ ಉದ್ದ ಮಾಡುತ್ತಾರೆ, ಕಿಡ್ನಿ ನಾಳದವರೆಗೂ ಹೋಗಬೇಕಾದರೆ ಕಿಂಡಿ ಇರುವ ಗ್ರಾಫ್ಟ್ ಬಳಸುತ್ತಾರೆ. ಗ್ರಾಫ್ಟಿಗೇ ಸೋಂಕು ತಗುಲಿದ್ದರೆ, ಅಥವಾ ಬೇರೆ ಯಾವುದೂ ಹಿಡಿಯದಿದ್ದರೆ, ಹೊಟ್ಟೆ ತೆರೆದು ಅದನ್ನು ತೆಗೆಯಬೇಕಾಗುತ್ತದೆ. ಅದು ಮೊದಲನೇ ಸಲದ ಆಪರೇಷನ್ನಿಗಿಂತ ಕಷ್ಟದ್ದು, ಅನುಭವ ಇರುವ ಕಡೆಯೇ ಮಾಡಿಸಬೇಕು. ಹೋಗುವಾಗ ಏಳು ವರ್ಷದ ಹಿಂದಿನ ಆಪರೇಷನ್ ನೋಟ್ಸ್, ಗ್ರಾಫ್ಟ್ ಕಾರ್ಡ್, ಅವತ್ತಿನಿಂದ ಇವತ್ತಿನವರೆಗಿನ ಎಲ್ಲ ಸಿಡಿಗಳನ್ನು ತಾರೀಖಿನ ಪ್ರಕಾರ ಜೋಡಿಸಿಕೊಂಡು ಹೋಗಿ. ಯಾವ ಕಂಪನಿಯ ಗ್ರಾಫ್ಟ್, ಯಾವ ಅಳತೆ ಅಂತ ತಿಳಿಯದೆ ಅದಕ್ಕೆ ಹೊಸ ತುಂಡು ಜೋಡಿಸುವುದು ಕಷ್ಟ.